ಓಡುವ ಎದೆ, ನಿಲ್ಲುವ ಕೈ

ಓಡುವುದಕ್ಕೆ ಒಂದು ಬಲ ಬೇಕು. ನಿಲ್ಲುವುದಕ್ಕೆ ಇನ್ನೊಂದು ಬಲ ಬೇಕು. ಈ ಎರಡು ಬಲಗಳು ಒಬ್ಬರಲ್ಲಿಯೇ ಕೂಡಿ ಬರುವುದು ಅಪರೂಪ. ಸಂತೆಯಿಂದ ಭಾರ ಹೊತ್ತು ಏದುಸಿರು ಬಿಡುತ್ತ ಮನೆಯ ಹೊಸ್ತಿಲು ದಾಟಿದವರ ಕೈಗೆ ಸೂಜಿಯನ್ನೂ ದಾರವನ್ನೂ ಕೊಟ್ಟು 'ಒಂದಿಷ್ಟು ದಾರ ಪೋಣಿಸಿಕೊಡಿ' ಎಂದು ಕೇಳಿ ನೋಡಿರಿ. 'ಮೊದಲು ಸುಧಾರಿಸಿಕೊಳ್ಳಲು ಬಿಡಪ್ಪ, ಆಮೇಲೆ ನೋಡೋಣ' ಎಂದಾರು. ಎದೆ ಡವಗುಟ್ಟುತ್ತಿರುವಾಗ ಕೈ ನಿಲ್ಲುವುದಿಲ್ಲ, ಕೈ ನಿಲ್ಲದಿರುವಾಗ ದಾರವು ಸೂಜಿಯ ಕಣ್ಣನ್ನು ಹೊಗುವುದಿಲ್ಲ. ಇದು ಶರೀರದ ಧರ್ಮ.

ಆದರೆ ಈ ಶರೀರಧರ್ಮಕ್ಕೇ ಸವಾಲೊಡ್ಡುವ ಕ್ರೀಡೆಯೊಂದು ಹಿಮದ ನಾಡುಗಳಲ್ಲಿ ಉಂಟು. ಅದರ ಹೆಸರು ಬಯಾಥ್ಲಾನ್. ಗ್ರೀಕ್ ಭಾಷೆಯಲ್ಲಿ 'ಆಥ್ಲಾನ್' ಎಂದರೆ ಸ್ಪರ್ಧೆ. ಅದರ ಹಿಂದಿನ 'ಬೈ' ಎಂಬುದಕ್ಕೆ ಎರಡು ಎಂದರ್ಥ. ಹೀಗೆ ಅದು ಎರಡು ಸ್ಪರ್ಧೆಗಳು ಬೆಸೆದುಕೊಂಡ ಒಂದು ಸ್ಪರ್ಧೆ. ಹದಿಹರೆಯ ದಾಟುತ್ತಿರುವ ತರುಣ ತರುಣಿಯರಿಗಾಗಿ ಪ್ರತಿ ವರ್ಷವೂ ಇದರ ವಿಶ್ವ ಚಾಂಪಿಯನ್‌ಷಿಪ್ ಪ್ರತ್ಯೇಕವಾಗಿ ನಡೆಯುತ್ತದೆ. ನಮ್ಮ ಕಡೆಯ ಬಹುಮಂದಿ ಹಿಮವನ್ನೇ ಕಂಡಿಲ್ಲ; ಇನ್ನು ಈ ಕ್ರೀಡೆಯ ಮಾತೇನು? ಆದರೂ ಮಕ್ಕಳನ್ನು ಬೆಳೆಸುತ್ತಿರುವ ತಂದೆತಾಯಿಗಳು ಅರಿಯಬೇಕಾದ ಒಂದು ವಿಚಾರ ಇದರ ಒಳಗಿದೆಯೆಂದು ತೋರಿದ್ದರಿಂದ ಈ ಸಲ ಇದನ್ನೇ ಎತ್ತಿಕೊಂಡಿದ್ದೇನೆ.

ಮೊದಲು ಆಟದ ಸ್ವರೂಪವನ್ನು ತಿಳಿದುಕೊಳ್ಳೋಣ. ಪಾದಗಳಿಗೆ ನೀಳವಾದ ತೆಳು ಹಲಗೆಗಳನ್ನು ಬಿಗಿದುಕೊಂಡು, ಎರಡೂ ಕೈಗಳಲ್ಲಿ ಊರುಗೋಲು ಹಿಡಿದು ಹಿಮದ ಮೇಲೆ ಜಾರುತ್ತ ಸಾಗುವುದಕ್ಕೆ ಸ್ಕೀಯಿಂಗ್ ಎಂದು ಹೆಸರು. ಇಳಿಜಾರಿನಲ್ಲಿ ಸುಮ್ಮನೆ ಜಾರಿ ಬರುವ ಬಗೆ ಬೇರೆ. ಇಲ್ಲಿ ಏರನ್ನೂ ಏರಬೇಕು, ಇಳಿವನ್ನೂ ಇಳಿಯಬೇಕು, ಬಯಲನ್ನೂ ದಾಟಬೇಕು. ತೋಳು, ತೊಡೆ, ಬೆನ್ನು, ಶ್ವಾಸಕೋಶ, ಇವೆಲ್ಲವೂ ಒಟ್ಟಿಗೆ ದುಡಿಯುವ ಇಂಥ ಶ್ರಮ ಕ್ರೀಡೆಗಳಲ್ಲಿ ವಿರಳ. ಇದು ಸಾಲದೆಂಬಂತೆ ಬಯಾಥ್ಲಾನ್ ಕ್ರೀಡಾಳುವಿನ ಬೆನ್ನಿಗೆ ಒಂದು ಬಂದೂಕವೂ ಇರುತ್ತದೆ. ಅದರ ತೂಕ 3.5 ಕಿಲೋಗ್ರಾಮಿಗಿಂತ ಕಡಿಮೆ ಇರಕೂಡದೆಂದು ನಿಯಮ. ಗುಂಡಿನ ವ್ಯಾಸ ಸುಮಾರು 5.6 ಮಿಲಿಮೀಟರ್. ದೂರದ್ದನ್ನು ದೊಡ್ಡದಾಗಿ ತೋರಿಸುವ ದುರ್ಬೀನು ಅದಕ್ಕೆ ಇರುವುದಿಲ್ಲ. ಕಿರುರಂಧ್ರದ ಮೂಲಕ ಕಣ್ಣಿಟ್ಟು ನೋಡಬೇಕು, ಅಷ್ಟೆ.

ಕೆಲವು ಕಿಲೋಮೀಟರುಗಳ ಓಟದ ತರುವಾಯ ಗುಂಡು ಹಾರಿಸುವ ಅಂಗಣ ಬರುತ್ತದೆ. 50 ಮೀಟರು ದೂರದಲ್ಲಿ ಐದು ಕಪ್ಪು ಚುಕ್ಕೆಗಳು ಸಾಲಾಗಿ ನಿಂತಿರುತ್ತವೆ. ಒಮ್ಮೆ ಬೋರಲು ಮಲಗಿ ಹೊಡೆಯಬೇಕು, ಇನ್ನೊಮ್ಮೆ ನಿಂತು ಹೊಡೆಯಬೇಕು. ಮಲಗಿ ಹೊಡೆಯುವಾಗ ಗುರಿಯ ವ್ಯಾಸ 45 ಮಿಲಿಮೀಟರು, ಅಂದರೆ ನಮ್ಮ ಮನೆಯ ಒಂದು ನಿಂಬೆಹಣ್ಣಿನಷ್ಟು. ನಿಂತು ಹೊಡೆಯುವಾಗ 115 ಮಿಲಿಮೀಟರು, ಸಾಧಾರಣ ಬಟ್ಟಲಿನ ಬಾಯಿಯಷ್ಟು. ಐದು ಗುರಿ, ಐದು ಗುಂಡು. ಗುಂಡು ತಗುಲಿದರೆ ಕಪ್ಪು ಚುಕ್ಕೆ ಮುಚ್ಚಿ ಬಿಳಿಯಾಗುತ್ತದೆ. ತಪ್ಪಿದರೆ ಕಪ್ಪಾಗಿಯೇ ಉಳಿದು ಹೊಡೆದವನನ್ನು ದಿಟ್ಟಿಸುತ್ತದೆ.

ದ್ರೋಣಾಚಾರ್ಯರು ಮರದ ಮೇಲಿನ ಹಕ್ಕಿಯನ್ನು ತೋರಿಸಿ ಶಿಷ್ಯರನ್ನು ಪರೀಕ್ಷಿಸಿದ ಕಥೆಯನ್ನು ನಾವೆಲ್ಲರೂ ಎಳವೆಯಲ್ಲಿ ಕೇಳಿದವರೇ. ಹಕ್ಕಿಯ ಕಣ್ಣಲ್ಲದೆ ಬೇರೇನೂ ಕಾಣದ ಅರ್ಜುನನ ಏಕಾಗ್ರತೆ ದೊಡ್ಡದು, ಸಂದೇಹವಿಲ್ಲ. ಆದರೆ ಅರ್ಜುನನು ಆ ದಿನ ತಣ್ಣಗೆ ನಿಂತು ಬಿಲ್ಲೆತ್ತಿದವನು. ಅವನನ್ನು ಗುಡ್ಡ ಹತ್ತಿಸಿ, ಇಳಿಸಿ, ಮೈಯಲ್ಲಿ ಬೆವರೊಡೆಸಿ, ನಾಡಿಯು ನಿಮಿಷಕ್ಕೆ ನೂರೈವತ್ತನ್ನೂ ಮೀರಿ ಬಡಿಯುತ್ತಿರುವಾಗ 'ಈಗ ಹೊಡೆ' ಎಂದು ಯಾರೂ ಹೇಳಲಿಲ್ಲ. ಬಯಾಥ್ಲಾನಿನಲ್ಲಿ ಹೇಳುವುದು ಅದನ್ನೇ. ಪಕ್ಕದ ಚಾಪೆಯ ಮೇಲೆ ಎದುರಾಳಿಯ ಬಂದೂಕು ಸದ್ದು ಮಾಡುತ್ತಿರುತ್ತದೆ; ಹಿಂದೆ ಪ್ರೇಕ್ಷಕರು ಕೂಗುತ್ತಿರುತ್ತಾರೆ; ಅಂಗಣದಲ್ಲಿ ನೆಟ್ಟ ಪುಟ್ಟ ಬಾವುಟಗಳು ಗಾಳಿಯ ದಿಕ್ಕನ್ನು ತೋರುತ್ತ ಅಲುಗುತ್ತಿರುತ್ತವೆ. ಇವೆಲ್ಲವುಗಳ ನಡುವೆ ಒಂದು ಉಸಿರು ಬಿಟ್ಟು ಇನ್ನೊಂದು ಉಸಿರು ಎಳೆದುಕೊಳ್ಳುವ ಮೊದಲಿನ ಕಿರು ನಿಶ್ಚಲತೆಯಲ್ಲಿ ಬೆರಳು ಮೆಲ್ಲನೆ ಟ್ರಿಗರನ್ನು ಒತ್ತಬೇಕು. ನುರಿತವರು ಅರ್ಧ ನಿಮಿಷದ ಸುಮಾರಿನಲ್ಲಿ ಐದೂ ಗುಂಡುಗಳನ್ನು ಮುಗಿಸಿ, ಬಂದೂಕವನ್ನು ಬೆನ್ನಿಗೇರಿಸಿ, ಮತ್ತೆ ಓಟಕ್ಕೆ ನಿಲ್ಲುತ್ತಾರೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಎದೆಯ ಬಡಿತವನ್ನು ಸಂಪೂರ್ಣ ತಗ್ಗಿಸಿಕೊಂಡು ಆಮೇಲೆ ಗುಂಡು ಹಾರಿಸುವೆನೆಂದರೆ ಅಷ್ಟರಲ್ಲಿ ಉಳಿದವರು ಕಣ್ಮರೆಯಾಗಿರುತ್ತಾರೆ. ಬಡಿತವು ಇದ್ದಂತೆಯೇ ಇರಲೆಂದು ಆತುರದಿಂದ ಹೊಡೆದರೆ ಗುರಿ ತಪ್ಪುತ್ತದೆ. ಆದ್ದರಿಂದ ಬಲ್ಲವರು ಅಂಗಣ ಸಮೀಪಿಸುವಾಗಲೇ ವೇಗವನ್ನು ಹದವರಿತು ಇಳಿಸಿಕೊಳ್ಳುತ್ತಾರೆ. ಬಿರುಗಾಳಿ ನಿಂತ ಮೇಲೆ ದೀಪ ಹಚ್ಚುವೆನೆಂಬುದು ಎಲ್ಲರೂ ಮಾಡಬಹುದಾದ ಕೆಲಸ. ಗಾಳಿಯಲ್ಲಿಯೇ ಅಂಗೈಯನ್ನು ಮರೆಮಾಡಿ ದೀಪವನ್ನು ಉಳಿಸಿಕೊಳ್ಳುವುದು ಬಲ್ಲವರ ಕೆಲಸ.

ಗುರಿ ತಪ್ಪಿದರೆ ಏನಾಗುತ್ತದೆ? ಈ ಕ್ರೀಡೆಯಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದ ಅಂಶವೇ ಇದು. ಅಂಗಣದ ಪಕ್ಕದಲ್ಲಿಯೇ 150 ಮೀಟರಿನ ಒಂದು ಸುತ್ತುದಾರಿ ಇರುತ್ತದೆ. ಅದು ದಂಡದ ಸುತ್ತು. ಒಂದು ಗುಂಡು ತಪ್ಪಿದರೆ ಒಂದು ಸುತ್ತು, ಎರಡು ತಪ್ಪಿದರೆ ಎರಡು. ಪರಿಣತರಿಗೂ ಒಂದು ಸುತ್ತಿಗೆ ಇಪ್ಪತ್ತು ಇಪ್ಪತ್ತೈದು ಸೆಕೆಂಡುಗಳಾದರೂ ತಗಲುತ್ತವೆ. ಇಂಡಿವಿಜುಯಲ್ ಎಂಬ ದೀರ್ಘ ಓಟದಲ್ಲಿ ಮಾತ್ರ ಸುತ್ತಿನ ಬದಲು ಪ್ರತಿ ತಪ್ಪಿಗೂ ಕಾಲವನ್ನೇ ಕೂಡಿಸುವ ಕ್ರಮವಿದೆ. ಅಲ್ಲಿ ಬಹುಕಾಲದಿಂದ ನಡೆದು ಬಂದ ದಂಡ ಒಂದು ತಪ್ಪಿಗೆ ಒಂದು ನಿಮಿಷ.

ದಂಡದ ಸುತ್ತನ್ನು ತಪ್ಪು ನಡೆದ ಕೂಡಲೇ ಮುಗಿಸಬೇಕು. ನಾಳೆಗೆ ಮುಂದೂಡುವಂತಿಲ್ಲ, ಕೊನೆಯಲ್ಲಿ ಒಟ್ಟಾಗಿ ತೀರಿಸುವೆನೆನ್ನುವಂತಿಲ್ಲ. ಎಷ್ಟು ಸುತ್ತು ಹಾಕಬೇಕೆಂಬ ಲೆಕ್ಕವನ್ನು ಇಟ್ಟುಕೊಳ್ಳುವ ಹೊಣೆಯೂ ಕ್ರೀಡಾಳುವಿನದೇ. ಲೆಕ್ಕ ತಪ್ಪಿ ಒಂದು ಸುತ್ತನ್ನು ಬಿಟ್ಟು ಮುಂದೆ ಹೋದರೆ ಆ ಬಿಟ್ಟ ಸುತ್ತಿಗೆ ಎರಡು ನಿಮಿಷಗಳ ದಂಡ ಬೀಳುತ್ತದೆ. ತಪ್ಪಿಗಿಂತ ತಪ್ಪನ್ನು ತೀರಿಸದೆ ಹೋದದ್ದಕ್ಕೆ ದಂಡ ಹೆಚ್ಚು! ಇನ್ನೊಂದು ಮಾತು: ಸುತ್ತು ಮುಗಿದ ಮೇಲೆ ಆ ತಪ್ಪಿನ ಮಾತು ಅಲ್ಲಿಗೆ ಮುಗಿಯಿತು. ಅವನು ಮತ್ತೆ ಎಲ್ಲರೊಡನೆ ಅದೇ ದಾರಿಯಲ್ಲಿ ಓಡುತ್ತಾನೆ. ಎರಡು ಸುತ್ತು ಹಾಕಿಯೂ ಗೆದ್ದವರುಂಟು. ಒಂದು ತಪ್ಪಿಗೆ ಎದೆಗುಂದಿ ಮುಂದಿನ ನಾಲ್ಕನ್ನೂ ತಪ್ಪಿಸಿಕೊಂಡವರೂ ಉಂಟು.

ನಾಲ್ವರು ಸೇರಿ ಓಡುವ ರಿಲೇ ಸ್ಪರ್ಧೆಯ ನಿಯಮ ಇನ್ನೂ ಸ್ವಾರಸ್ಯವಾದುದು. ಅಲ್ಲಿ ಪ್ರತಿ ಸರದಿಗೂ ಐದು ಗುಂಡುಗಳಲ್ಲದೆ ಮೂರು ಹೆಚ್ಚುವರಿ ಗುಂಡುಗಳಿರುತ್ತವೆ. ಆದರೆ ಅವುಗಳನ್ನು ಒಂದೊಂದಾಗಿ ಕೈಯಿಂದಲೇ ತುಂಬಿಕೊಳ್ಳಬೇಕು. ಚಳಿಯಿಂದ ಮರಗಟ್ಟಿದ ಬೆರಳುಗಳಿಂದ ಆ ಸಣ್ಣ ಗುಂಡನ್ನು ಕೂಡಿಸುವುದರಲ್ಲಿ ಹೊತ್ತು ಹೋಗುತ್ತದೆ. ತನ್ನ ತಪ್ಪಿಗೆ ಜೊತೆಗಾರರು ಮೂವರೂ ಬೆಲೆ ತೆರಬೇಕಾಗುವುದೆಂಬ ಅರಿವು ಆ ಬೆರಳುಗಳನ್ನು ಚಳಿಗಿಂತ ಹೆಚ್ಚಾಗಿ ನಡುಗಿಸುತ್ತದೆ. ಕೂಡುಕುಟುಂಬದಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕ್ರೀಡೆಯ ಮೂಲವು ಸೈನಿಕರದು. ನಾರ್ವೆ ಮತ್ತು ಸ್ವೀಡನ್ ದೇಶಗಳ ಗಡಿ ಕಾಯುತ್ತಿದ್ದ ಸ್ಕೀ ದಳಗಳ ನಡುವೆ 1767ರಲ್ಲಿಯೇ ಇಂಥ ಪಂದ್ಯಗಳು ನಡೆದವೆಂದು ಇತಿಹಾಸವು ಹೇಳುತ್ತದೆ. 1861ರಲ್ಲಿ ನಾರ್ವೆಯ ಟ್ರಿಸಿಲ್ ಎಂಬಲ್ಲಿ ಸ್ಕೀ ಮತ್ತು ಬಂದೂಕು ವಿದ್ಯೆಗೆ ಸಂಘವೊಂದು ಹುಟ್ಟಿತು. 1924ರಲ್ಲಿ ಫ್ರಾನ್ಸಿನ ಶಮೋನಿಯಲ್ಲಿ ನಡೆದ ಮೊದಲ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಇದರ ಪೂರ್ವರೂಪವಾದ ಸೈನಿಕ ಗಸ್ತಿನ ಪಂದ್ಯವಿತ್ತು. ಸ್ವಿಟ್ಜರ್ಲೆಂಡಿನ ತಂಡ ಗೆದ್ದಿತು. ಬಯಾಥ್ಲಾನಿನ ಮೊದಲ ವಿಶ್ವ ಚಾಂಪಿಯನ್‌ಷಿಪ್ 1958ರಲ್ಲಿ ಆಸ್ಟ್ರಿಯದ ಜಾಲ್ಫೆಲ್ಡನ್‌ನಲ್ಲಿ ಜರುಗಿತು. ಎರಡು ವರ್ಷಗಳ ತರುವಾಯ, 1960ರಲ್ಲಿ, ಅಮೆರಿಕದ ಸ್ಕ್ವಾ ವ್ಯಾಲಿಯ ಒಲಿಂಪಿಕ್ಸ್‌ನಲ್ಲಿ ಅದು ಈ ಹೆಸರಿನಿಂದಲೇ ಕಾಲಿಟ್ಟಿತು. ಮಹಿಳೆಯರು ಒಲಿಂಪಿಕ್ಸ್‌ನ ಈ ಸ್ಪರ್ಧೆಗೆ ಪ್ರವೇಶ ಪಡೆಯಲು 1992ರವರೆಗೆ ಕಾಯಬೇಕಾಯಿತು.

1960ರ ಆ ಓಟದ ಸಂಗತಿ ನೆನಪಿಡತಕ್ಕದ್ದು. ಒಟ್ಟು ದೂರ 20 ಕಿಲೋಮೀಟರು, ಗುಂಡುಗಳು 20, ಪ್ರತಿ ತಪ್ಪಿಗೆ ಎರಡು ನಿಮಿಷಗಳ ದಂಡ. ಓಟದಲ್ಲಿ ಎಲ್ಲರಿಗಿಂತ ವೇಗವಾಗಿದ್ದವನು ಫ್ರಾನ್ಸಿನ ವಿಕ್ಟರ್ ಅರ್ಬೆ. ಆದರೆ ಅವನ 20 ಗುಂಡುಗಳಲ್ಲಿ 18 ಗುರಿ ತಪ್ಪಿದವು. 36 ನಿಮಿಷಗಳ ಹೊರೆ ಹೊತ್ತು ಅವನು ಬಹು ಹಿಂದೆ ಉಳಿದನು. ಸ್ವೀಡನ್ನಿನ ಕ್ಲಾಸ್ ಲೆಸ್ಟಾಂಡರ್ ಓಟದಲ್ಲಿ ಮುಂಚೂಣಿಯವನೇನಲ್ಲ. ಆದರೆ ಅವನ 20 ಗುಂಡುಗಳೂ ಗುರಿ ಮುಟ್ಟಿದವು. ಚಿನ್ನದ ಪದಕ ಅವನ ಕೊರಳಿಗೆ ಬಂದಿತು. ವೇಗವೊಂದೇ ಗೆಲುವಲ್ಲವೆಂಬ ಮಾತನ್ನು ನಾವು ಮಕ್ಕಳಿಗೆ ನಿತ್ಯವೂ ಹೇಳುತ್ತೇವೆ. ಅಂದು ಆ ಹಿಮದ ಮೇಲೆ ಅಂಕಿಗಳೇ ಅದನ್ನು ಹೇಳಿದವು.

ಇನ್ನು ಹರೆಯದವರ ಚಾಂಪಿಯನ್‌ಷಿಪ್ಪಿನ ವಿಷಯಕ್ಕೆ ಬರೋಣ. 1967ರಲ್ಲಿ ಅಂದಿನ ಪೂರ್ವ ಜರ್ಮನಿಯ ಆಲ್ಟೆನ್‌ಬರ್ಗ್‌ನಲ್ಲಿ ಜೂನಿಯರ್ ಪುರುಷರಿಗಾಗಿ ಇದು ಆರಂಭವಾಯಿತು. 2002ರಲ್ಲಿ ಅದಕ್ಕಿಂತಲೂ ಕಿರಿಯರಾದ ಯೂತ್ ವರ್ಗದವರನ್ನೂ ಸೇರಿಸಿಕೊಳ್ಳಲಾಯಿತು. ಸುಮಾರಾಗಿ ಹೇಳುವುದಾದರೆ 19ರವರೆಗಿನವರು ಯೂತ್, 22ರವರೆಗಿನವರು ಜೂನಿಯರ್. ವಯಸ್ಸಿಗೆ ತಕ್ಕಂತೆ ದೂರವೂ ಬೇರೆ. ಸ್ಪ್ರಿಂಟ್ ಎಂಬ ಕಿರು ಓಟದಲ್ಲಿ ಜೂನಿಯರ್ ತರುಣರಿಗೆ 10 ಕಿಲೋಮೀಟರು, ಜೂನಿಯರ್ ತರುಣಿಯರಿಗೂ ಯೂತ್ ಹುಡುಗರಿಗೂ 7.5, ಯೂತ್ ಹುಡುಗಿಯರಿಗೆ 6 ಕಿಲೋಮೀಟರು. ಎಳೆಯರ ಮೇಲೆ ಹಿರಿಯರ ಹೊರೆಯನ್ನು ಹೊರಿಸಬಾರದೆಂಬ ವಿವೇಕ ಇದರಲ್ಲಿದೆ. ಆದರೆ ಗುರಿಯ ಗಾತ್ರ ಎಲ್ಲರಿಗೂ ಒಂದೇ, ದೂರ ಎಲ್ಲರಿಗೂ 50 ಮೀಟರೇ. ಶ್ರಮದಲ್ಲಿ ರಿಯಾಯಿತಿ ಉಂಟು, ನಿಷ್ಠೆಯಲ್ಲಿ ಇಲ್ಲ.

ಈ ಪಂದ್ಯಗಳು ಊರೂರು ತಿರುಗುತ್ತವೆ. 2023ರಲ್ಲಿ ಕಝಾಕಿಸ್ತಾನದ ಶ್ಚುಚಿನ್ಸ್ಕ್, 2024ರಲ್ಲಿ ಎಸ್ಟೋನಿಯಾದ ಓಟೆಪಾ ಎಂಬ ಪುಟ್ಟ ಪಟ್ಟಣ, 2025ರಲ್ಲಿ ಸ್ವೀಡನ್ನಿನ ಓಸ್ಟರ್‌ಸುಂಡ್. ಓಸ್ಟರ್‌ಸುಂಡಿನಲ್ಲಿ ಒಂದು ಚಳಿಗಾಲದ ಹಿಮವನ್ನು ರಾಶಿ ಹಾಕಿ, ಮರದ ಹೊಟ್ಟು ಹೊದಿಸಿ, ಬೇಸಿಗೆಯುದ್ದಕ್ಕೂ ಕಾಪಾಡಿ ಮುಂದಿನ ಚಳಿಗಾಲದ ಆರಂಭಕ್ಕೆ ಬಳಸುವ ರೂಢಿಯಿದೆ. ಹಗೇವಿನಲ್ಲಿ ಜೋಳ ಕಾಪಿಟ್ಟ ನಮ್ಮ ಹಿರಿಯರು ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದರು. ಭೂಮಿಯ ತಾಪ ಏರುತ್ತಿರುವುದರಿಂದ ಹಿಮವೂ ಕೂಡಿಟ್ಟು ಬಳಸಬೇಕಾದ ವಸ್ತುವಾಯಿತಲ್ಲ ಎಂಬುದು ಮಾತ್ರ ವಿಷಾದದ ಸಂಗತಿ. ಹಿಮವಿಲ್ಲದ ತಿಂಗಳುಗಳಲ್ಲಿ ಈ ಮಕ್ಕಳು ಗಾಲಿ ಕಟ್ಟಿದ ಸ್ಕೀಗಳ ಮೇಲೆ ಡಾಂಬರು ರಸ್ತೆಯಲ್ಲಿ ಓಡುತ್ತಾರೆ; ಮನೆಯೊಳಗೆ ಗುಂಡಿಲ್ಲದ ಬಂದೂಕು ಹಿಡಿದು ಗೋಡೆಯ ಮೇಲಿನ ಚುಕ್ಕೆಗೆ ಗುರಿಯಿಟ್ಟು ದಿನವೂ ಅಭ್ಯಾಸ ಮಾಡುತ್ತಾರೆ. ಕಾಣುವ ಗೆಲುವಿನ ಹಿಂದೆ ಕಾಣದ ಇಂಥ ದಿನಗಳು ಸಾವಿರ.

ಜೂನಿಯರ್ ಪಂದ್ಯದಲ್ಲಿ ಗೆದ್ದವರು ಮುಂದೆಯೂ ಗೆಲ್ಲುವರೆಂಬ ಭರವಸೆ ಏನೂ ಇಲ್ಲ. ನಾರ್ವೆಯ ಓಲೆ ಐನಾರ್ ಬ್ಯೋರ್ನ್‌ಡಾಲೆನ್ 1993ರ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೂರು ಚಿನ್ನ ಗೆದ್ದವರು. ಮರುವರ್ಷ ಅವರದೇ ದೇಶದ ಲಿಲ್ಲೆಹಾಮರಿನಲ್ಲಿ ಒಲಿಂಪಿಕ್ಸ್ ನಡೆಯಿತು. ತಮ್ಮವರ ಕಣ್ಣೆದುರಿನಲ್ಲಿ ಅವರಿಗೆ ದೊರೆತ ಪದಕಗಳೆಷ್ಟು? ಒಂದೂ ಇಲ್ಲ. ಅಲ್ಲಿಗೆ ಅವರು ಬಂದೂಕು ಕೆಳಗಿಟ್ಟಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಅವರು ಇಡಲಿಲ್ಲ. 1998ರಲ್ಲಿ ಜಪಾನಿನ ನಾಗಾನೋದಲ್ಲಿ ಮೊದಲ ಒಲಿಂಪಿಕ್ ಚಿನ್ನ. 2002ರಲ್ಲಿ ಸಾಲ್ಟ್ ಲೇಕ್ ಸಿಟಿಯ ಕೂಟದಲ್ಲಿ ಪುರುಷರ ನಾಲ್ಕು ಸ್ಪರ್ಧೆಗಳಲ್ಲಿಯೂ ಚಿನ್ನ. 2014ರಲ್ಲಿ ಸೋಚಿಯಲ್ಲಿ, 40ನೆಯ ವಯಸ್ಸಿನಲ್ಲಿ, ಮತ್ತೆ ಚಿನ್ನ. ಅವರ ಒಲಿಂಪಿಕ್ ಪದಕಗಳಲ್ಲಿ ಎಂಟು ಚಿನ್ನ. 1994ರ ಬರಿಗೈಯೂ ಆ ಪದಕಗಳ ಕಥೆಯ ಒಂದು ಭಾಗವೇ ಅಲ್ಲವೆ?

ಇಷ್ಟು ಓದಿದ ತಾಯಂದಿರಲ್ಲಿ ಒಂದು ಪ್ರಶ್ನೆ ಎದ್ದಿರಬಹುದು. ಹದಿನೇಳು ಹದಿನೆಂಟರ ಮಕ್ಕಳ ಕೈಗೆ ಬಂದೂಕವನ್ನೇಕೆ ಕೊಡಬೇಕು? ಪ್ರಶ್ನೆ ನ್ಯಾಯವಾದುದು. ಆ ಕ್ರೀಡೆಯವರೂ ಅದನ್ನು ಹಗುರವಾಗಿ ಕಂಡಿಲ್ಲ. ಓಡುವಾಗ ಬಂದೂಕಿನೊಳಗೆ ಗುಂಡಿರಕೂಡದು; ನಳಿಗೆ ಆಕಾಶದ ಕಡೆಗಿರಬೇಕು; ಅಂಗಣದಲ್ಲಿ ನಿಗದಿಯಾದ ಸ್ಥಳದಲ್ಲಿ ನಿಂತು ಗುರಿಯ ಕಡೆಗೆ ತಿರುಗಿಸಿದ ಮೇಲೆಯೇ ಗುಂಡು ತುಂಬಬೇಕು; ಓಟ ಮುಗಿದ ಮೇಲೆ ಬಂದೂಕು ಬರಿದಾಗಿದೆಯೆಂದು ತಪಾಸಣೆಯಾಗಬೇಕು. ನಿಯಮ ಮುರಿದವನು ಎಷ್ಟೇ ವೇಗಿಯಾಗಿರಲಿ, ಹೊರಗೆ ಹೋಗಬೇಕಾಗುತ್ತದೆ. ಕೊಲ್ಲುವುದಕ್ಕೆಂದು ಹುಟ್ಟಿದ ಆಯುಧವನ್ನು ಕಪ್ಪು ಚುಕ್ಕೆಯೊಂದನ್ನು ಬಿಳಿಯಾಗಿಸುವ ಸಾಧನವಾಗಿ ಪಳಗಿಸಿದ್ದು ಮನುಷ್ಯನ ಸಂಸ್ಕಾರದ ಒಂದು ಗುರುತು.

ಆದರೆ ಪಳಗಿದ್ದು ಮತ್ತೆ ಕಾಡಾಗುವುದಕ್ಕೆ ಹೆಚ್ಚು ಕಾಲ ಬೇಡ. 2022ರ ಹರೆಯದವರ ವಿಶ್ವ ಚಾಂಪಿಯನ್‌ಷಿಪ್ ಫೆಬ್ರುವರಿಯ ಕೊನೆಯ ವಾರದಲ್ಲಿ ಅಮೆರಿಕದ ಯೂಟಾ ಪ್ರಾಂತದ ಸೋಲ್ಜರ್ ಹಾಲೋ ಎಂಬಲ್ಲಿ ಏರ್ಪಟ್ಟಿತ್ತು. ಇಪ್ಪತ್ತು ವರ್ಷಗಳ ಹಿಂದೆ ಬ್ಯೋರ್ನ್‌ಡಾಲೆನ್ ನಾಲ್ಕು ಚಿನ್ನ ಗೆದ್ದ ತಾಣವೇ ಅದು. ಅದೇ ಫೆಬ್ರುವರಿ 24ರಂದು ರಷ್ಯಾದ ಸೇನೆ ಉಕ್ರೇನಿನ ಮೇಲೆ ಏರಿಹೋಯಿತು. ಕೆಲವೇ ದಿನಗಳಲ್ಲಿ ಅಂತಾರಾಷ್ಟ್ರೀಯ ಬಯಾಥ್ಲಾನ್ ಒಕ್ಕೂಟವು ದುಃಖದ ವಾರ್ತೆಯೊಂದನ್ನು ಪ್ರಕಟಿಸಿತು. ಉಕ್ರೇನಿನ ಜೂನಿಯರ್ ತಂಡದಲ್ಲಿದ್ದು, 2020ರ ಲೌಸಾನ್ ಯುವ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದ ಯೆವ್ಹೆನ್ ಮಾಲಿಷೆವ್ ಸೈನಿಕನಾಗಿ ಹೋರಾಡುತ್ತ ಮಡಿದಿದ್ದನು. ಅವನಿಗೆ ಆಗ 19 ವರ್ಷ.

ಅವನ ಓರಗೆಯವರು ಹಿಮದ ಮೇಲೆ ಐದು ಚುಕ್ಕೆಗಳಿಗೆ ಗುರಿಯಿಡುತ್ತಿದ್ದ ದಿನಗಳವು. ಚುಕ್ಕೆಗೆ ಗುರಿಯಿಟ್ಟು ತಪ್ಪಿದರೆ 150 ಮೀಟರಿನ ಒಂದು ಸುತ್ತು ಹಾಕಿ ಋಣ ತೀರಿಸಬಹುದು. ಮನುಷ್ಯರು ಮನುಷ್ಯರಿಗೆ ಗುರಿಯಿಟ್ಟ ಕಡೆ ಯಾವ ಸುತ್ತು ಹಾಕಿದರೂ ಋಣ ತೀರುವುದಿಲ್ಲ. ಗಡಿ ಕಾಯುವ ಸೈನಿಕರಿಂದ ಹುಟ್ಟಿದ ಕ್ರೀಡೆ ಇನ್ನೂರೈವತ್ತು ವರ್ಷಗಳ ಕಾಲ ನಡೆದು ಮಕ್ಕಳ ಹಬ್ಬವಾಗಿತ್ತು. ಒಬ್ಬ ಮಗನನ್ನು ಅದು ಹುಟ್ಟಿದ ಕಡೆಗೇ ಕಾಲವು ಮರಳಿ ಕರೆದೊಯ್ದಿತು. ಆ ತಂದೆತಾಯಿಗಳ ಎದೆಗೆ ನಾವು ಯಾವ ಮಾತನ್ನು ಕಳುಹಿಸಬಲ್ಲೆವು?

ಕ್ರೀಡೆಯನ್ನು ಹೊಗಳುವಾಗ ಅದರ ಕಲೆಗಳನ್ನು ಮುಚ್ಚಿಡುವುದೂ ಸಲ್ಲದು. 2018ರ ಏಪ್ರಿಲ್‌ನಲ್ಲಿ ಆಸ್ಟ್ರಿಯದ ಪೊಲೀಸರು ಒಕ್ಕೂಟದ ಪ್ರಧಾನ ಕಚೇರಿಯನ್ನೇ ಶೋಧಿಸಿದರು. ಉದ್ದೀಪನ ಮದ್ದು ಸೇವನೆಯ ಪ್ರಕರಣಗಳು ಮತ್ತು ಭ್ರಷ್ಟಾಚಾರದ ಆರೋಪಗಳ ತನಿಖೆ ಅದು. ಅಂದಿನ ಅಧ್ಯಕ್ಷರೂ ಪ್ರಧಾನ ಕಾರ್ಯದರ್ಶಿಗಳೂ ಸ್ಥಾನದಿಂದ ಸರಿದು ನಿಂತರು. ಆಮೇಲೆ ಇಂಥವನ್ನು ವಿಚಾರಿಸಲೆಂದೇ ಸ್ವತಂತ್ರವಾದ ಘಟಕವೊಂದನ್ನು ರಚಿಸಬೇಕಾಯಿತು. ಹದಿನೆಂಟರ ಹುಡುಗನು ತಪ್ಪಿದ ಗುಂಡಿಗೆ ಎಲ್ಲರ ಕಣ್ಣೆದುರಿಗೆ ದಂಡದ ಸುತ್ತು ಹಾಕುತ್ತಾನೆ. ಹಿರಿಯರು ಹಾಕಬೇಕಾದ ಸುತ್ತು ಎಲ್ಲಿದೆ ಎಂದು ಅವನು ಕೇಳಿದರೆ ತಪ್ಪೇನು? ಮಕ್ಕಳಿಗೆ ಕಲಿಸುವ ನಿಯಮ ಮೊದಲು ಮನೆಯ ಯಜಮಾನನಿಗೆ ಅನ್ವಯಿಸಬೇಕು. ಇದು ಸಂಸ್ಥೆಗಳಿಗೂ ಸಲ್ಲುವ ಮಾತು, ಸಂಸಾರಗಳಿಗೂ ಸಲ್ಲುವ ಮಾತು.

ಇನ್ನೊಬ್ಬಳ ವಿಷಯ ಹೇಳದೆ ಈ ಲೇಖನ ಪೂರ್ಣವಾಗದು. ಜರ್ಮನಿಯ ಲೌರಾ ಡಾಲ್‌ಮೈಯರ್ ಹರೆಯದವರ ಪಂದ್ಯಗಳಿಂದಲೇ ಬೆಳೆದು ಬಂದ ಹೆಣ್ಣುಮಗಳು. 2017ರ ವಿಶ್ವ ಚಾಂಪಿಯನ್‌ಷಿಪ್ ಒಂದರಲ್ಲಿಯೇ ಐದು ಚಿನ್ನ, 2018ರ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ. ಮುಂದಿನ ವರ್ಷವೇ, ಕೇವಲ 25ನೆಯ ವಯಸ್ಸಿನಲ್ಲಿ, ಆಕೆ ಸ್ಪರ್ಧೆಯಿಂದ ನಿವೃತ್ತಳಾದಳು. ಎಲ್ಲರೂ ಇನ್ನಷ್ಟು, ಮತ್ತಷ್ಟು ಎನ್ನುತ್ತಿರುವಾಗ ಸಾಕು ಎನ್ನಬಲ್ಲವರು ಎಷ್ಟು ಮಂದಿ? ಎಳವೆಯಿಂದ ಪ್ರೀತಿಸಿದ ಪರ್ವತಗಳನ್ನು ಅರಸಿ ಹೋದ ಆಕೆ ಪರ್ವತಾರೋಹಣದ ಮಾರ್ಗದರ್ಶಿಯಾದಳು. 2025ರ ಜುಲೈ 28ರಂದು ಪಾಕಿಸ್ತಾನದ ಕಾರಕೋರಂ ಶ್ರೇಣಿಯ ಲೈಲಾ ಶಿಖರದಲ್ಲಿ ಕಲ್ಲುಗಳು ಉರುಳಿಬಿದ್ದು ಆಕೆ ಪ್ರಾಣ ಬಿಟ್ಟಳು. ವಯಸ್ಸು 31. ತನಗೆ ಇಂಥದೇನಾದರೂ ಸಂಭವಿಸಿದರೆ ತನ್ನ ದೇಹವನ್ನು ಕೆಳಗೆ ತರಲು ಯಾರೂ ತಮ್ಮ ಪ್ರಾಣವನ್ನು ಅಪಾಯಕ್ಕೆ ಒಡ್ಡಕೂಡದೆಂದು ಆಕೆ ಮೊದಲೇ ತಿಳಿಸಿದ್ದಳು. ಬಂಧುಗಳು ಆ ಇಚ್ಛೆಯನ್ನು ಮನ್ನಿಸಿದರು. ಸಾಹಸವು ತನ್ನ ಪಾಲಿನದು, ಅದರ ಬೆಲೆಯೂ ತನ್ನ ಪಾಲಿನದೇ, ಅದನ್ನು ಇನ್ನೊಬ್ಬರ ಹೆಗಲಿಗೆ ಹೊರಿಸಬಾರದು ಎಂಬ ಈ ವಿವೇಕವು ತನ್ನ ತಪ್ಪಿನ ಸುತ್ತನ್ನು ತಾನೇ ಹಾಕಬೇಕೆಂಬ ಕ್ರೀಡೆಯಲ್ಲಿ ಬೆಳೆದವಳಿಗೆ ಸಹಜವಾಗಿಯೇ ಬಂದಿರಬಹುದು.

ಹಿಮದ ಆಟ ನಮಗೇಕೆ ಎನ್ನುವವರಿಗೆ ಒಂದು ಮಾತು. ಹಿಮವೇ ಬೀಳದ ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಎಂಬ ತರುಣಿ ಬಂದೂಕಿಲ್ಲದ ದೂರದ ಸ್ಕೀ ಓಟದಲ್ಲಿ ಭಾರತವನ್ನು ಪ್ರತಿನಿಧಿಸಿದ್ದಾರೆ. ಮನಸ್ಸಿದ್ದರೆ ಹಿಮವೂ ದೂರವಲ್ಲ. ಆದರೆ ನಾನು ಹೇಳಹೊರಟಿದ್ದು ಪದಕಗಳ ಮಾತಲ್ಲ.

ನಮ್ಮ ಮನೆಗಳಲ್ಲಿಯೂ ಹದಿನೇಳು ಹದಿನೆಂಟರ ಮಕ್ಕಳು ಓಡುತ್ತಿದ್ದಾರೆ. ಅವರ ಬೆನ್ನ ಮೇಲೆಯೂ ಭಾರವಿದೆ: ಪರೀಕ್ಷೆ, ಅಂಕ, ಪ್ರವೇಶ, ನೆರೆಮನೆಯವರ ಮಕ್ಕಳೊಡನೆ ಹೋಲಿಕೆ. ವರ್ಷವಿಡೀ ಓಡಿಸಿ, ಎದೆ ಡವಗುಟ್ಟುತ್ತಿರುವಾಗಲೇ ಮೂರು ಗಂಟೆಗಳ ಅಂಗಣದಲ್ಲಿ ನಿಲ್ಲಿಸಿ 'ಹೊಡೆ' ಎನ್ನುತ್ತೇವೆ. ಒಂದು ಗುರಿ ತಪ್ಪುತ್ತದೆ. ಆಗ ನಾವು ಮಾಡುವುದೇನು? ಕೆಲವು ಮನೆಗಳಲ್ಲಿ ತಪ್ಪೇ ಆಗಿಲ್ಲವೆಂಬಂತೆ ಅದನ್ನು ಮುಚ್ಚಿ ಮಗುವನ್ನು ದಂಡದ ಸುತ್ತಿನಿಂದ ತಪ್ಪಿಸುತ್ತೇವೆ. ಪ್ರಶ್ನೆಪತ್ರಿಕೆಯನ್ನೋ ಮೇಷ್ಟರನ್ನೋ ದೂರುತ್ತೇವೆ. ಇನ್ನು ಕೆಲವು ಮನೆಗಳಲ್ಲಿ ಒಂದು ತಪ್ಪಿಗೆ ಜೀವಮಾನವಿಡೀ ಸುತ್ತು ಹಾಕಿಸುತ್ತೇವೆ. ಉಂಡರೂ ಅದೇ ಮಾತು, ನೆಂಟರು ಬಂದರೂ ಅದೇ ಮಾತು. ಈ ಎರಡನೆಯ ಬಗೆಯ ಮನೆಗಳಲ್ಲಿ ಫಲಿತಾಂಶದ ದಿನ ಕೆಲವು ಮಕ್ಕಳು ಮನೆಗೆ ಮರಳದೆ ಹೋದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಓದಿ ನಿಟ್ಟುಸಿರುಬಿಟ್ಟು ಪುಟ ತಿರುವಿದ್ದೇವೆ.

ತಪ್ಪಿಗೆ ದಂಡ ಇರಲಿ. ದಂಡಕ್ಕೆ ಅಳತೆಯೂ ಇರಲಿ. ತಪ್ಪಿದ ಪಾಠವನ್ನು ಮತ್ತೆ ಓದಿಸಿರಿ, ಮರುಪರೀಕ್ಷೆಗೆ ಕೂಡಿಸಿರಿ, ಒಂದು ವರ್ಷ ಹೋದರೆ ಹೋಗಲಿ. ಅದು 150 ಮೀಟರಿನ ಸುತ್ತು. ಮಗು ಅದನ್ನು ತಾನೇ ಓಡಲಿ, ನೀವು ಬದಿಯಲ್ಲಿ ನಿಂತು ಹೆಸರು ಹಿಡಿದು ಹುರಿದುಂಬಿಸಿರಿ. ಸುತ್ತು ಮುಗಿದ ಮೇಲೆ ಆ ಮಾತನ್ನು ಮತ್ತೆ ಎತ್ತಬೇಡಿರಿ. ದಾರಿ ಮುಂದಿದೆ, ಇನ್ನೂ ಗುರಿಗಳಿವೆ. ಎದೆ ಬಡಿಯುತ್ತಿರಲಿ, ಬಡಿಯುವುದೇ ಅದರ ಕಾಯಕ. ಆ ಬಡಿತದ ನಡುವೆ ಕೈಯನ್ನು ಒಂದು ಕ್ಷಣ ನಿಲ್ಲಿಸುವ ಬಲವನ್ನು ಮಗುವಿಗೆ ಕೊಡಬಲ್ಲದ್ದು, ತಪ್ಪಿದರೂ ಈ ಮನೆಯ ಬಾಗಿಲು ತೆರೆದೇ ಇರುತ್ತದೆಂಬ ನಂಬಿಕೆಯೊಂದೇ.